ಸಹಾಯ ಬೇಕು: ಕ್ಸೊನಾಟಿಕ್ ಸರ್ವರ್ ಓಡುತ್ತಿದೆ, ತಮ್ಮನ ಲ್ಯಾಪ್‌ಟಾಪ್‌ಗೆ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಉಬುಂಟು ಲಿನಕ್ಸ್ 22.04ರಲ್ಲಿ ಕ್ಸೊನಾಟಿಕ್ 0.8.6 ಎಂಬ ಶೂಟಿಂಗ್ ಆಟ ಹಾಕಿದ್ದೇನೆ. ಇನ್‌ಸ್ಟಾಲ್ ಅಂತ ಏನೂ ಇಲ್ಲ, ಜಿಪ್ ಫೈಲ್ ಬಿಚ್ಚಿ ಅದರೊಳಗಿನ, ಆಟ ಶುರುಮಾಡುವ ಎಸ್‌ಡಿಎಲ್ ಸ್ಕ್ರಿಪ್ಟ್ ಓಡಿಸಿದರೆ ಸಾಕು. ಬಾಟ್‌ಗಳ (ಕಂಪ್ಯೂಟರೇ ಆಡಿಸುವ ಆಟಗಾರರ) ಜೊತೆ ಚೆನ್ನಾಗಿ ಆಡಬಹುದು. ಇಂಥ ಶೂಟರ್ ಪೂರ್ತಿ ಉಚಿತವಾಗಿ ಸಿಗುವುದು ದೊಡ್ಡ ವಿಷಯ, ಅಲ್ವಾ?

ತೊಂದರೆ ಬಂದಿರುವುದು ಮನೆಯಲ್ಲಿ ಇಬ್ಬರೂ ಸೇರಿ ಆಡಲು ಹೋದಾಗ. ಸರ್ವರ್ ಸ್ಕ್ರಿಪ್ಟನ್ನು ಮುಖ್ಯ ಫೋಲ್ಡರಿಗೆ ಕಾಪಿ ಮಾಡಿದೆ. ಕಾನ್ಫಿಗ್ ಫೈಲನ್ನು ಹೋಮ್‌ನಲ್ಲಿರುವ ಡಾಟ್ ಕ್ಸೊನಾಟಿಕ್ ಫೋಲ್ಡರಿನ ಡೇಟಾ ಒಳಗೆ ಇಟ್ಟೆ. ಸರ್ವರ್ ಶುರುವಾಗುತ್ತದೆ, ಅದೇ ಕಂಪ್ಯೂಟರಿನಿಂದ ಸೇರಲೂ ಆಗುತ್ತದೆ. ತಮ್ಮನ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಮಾತ್ರ ಕಾಣುವುದೇ ಇಲ್ಲ. ಕನ್ಸೋಲಿನಲ್ಲಿ ನೇರವಾಗಿ ಐಪಿ ವಿಳಾಸ ಕೊಟ್ಟು ಕನೆಕ್ಟ್ ಮಾಡಿದರೂ ಸುಮ್ನೆ ಕಾಯುತ್ತಾ ನಿಲ್ಲುತ್ತದೆ.

ಯುಎಫ್‌ಡಬ್ಲ್ಯೂ ಫೈರ್‌ವಾಲಿನಲ್ಲಿ ಯುಡಿಪಿ 26000 ಪೋರ್ಟ್ ತೆರೆದೆ. ಆಮೇಲೆ ಫೈರ್‌ವಾಲನ್ನೇ ನಿಲ್ಲಿಸಿ ನೋಡಿದೆ. ಎರಡೂ ಕಡೆ ಆಟದ ಆವೃತ್ತಿ ಒಂದೇ.

ಗೊಂದಲ ಇಲ್ಲಿದೆ. ಮನೆಯ ವೈಫೈಯಲ್ಲಿ ಎರಡೂ ಕಂಪ್ಯೂಟರಿನಿಂದ ರೂಟರಿಗೆ ಪಿಂಗ್ (ಸಂಪರ್ಕ ಇದೆಯಾ ಎಂದು ನೋಡುವ ಪರೀಕ್ಷೆ) ಹೋಗುತ್ತದೆ, ಒಂದರಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಅದೇ ಎರಡನ್ನೂ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದರೆ ಆಟ ತಕ್ಷಣ ಶುರುವಾಗುತ್ತದೆ! ಅಂದರೆ ಲಿನಕ್ಸಿನಲ್ಲಾಗಲಿ ಆಟದಲ್ಲಾಗಲಿ ತೊಂದರೆ ಇಲ್ಲ ಅನಿಸುತ್ತದೆ. ರೂಟರಿನ ಎಪಿ ಐಸೋಲೇಶನ್ ಮೇಲೆ, ಅಂದರೆ ಒಂದೇ ವೈಫೈಯಲ್ಲಿರುವ ಸಾಧನಗಳು ಒಂದನ್ನೊಂದು ತಲುಪದಂತೆ ತಡೆಯುವ ಸೆಟ್ಟಿಂಗ್ ಮೇಲೆ, ನನಗೆ ಅನುಮಾನ. ಆದರೆ ಮೆನುವಿನಲ್ಲಿ ಆ ಹೆಸರಿನ ಆಯ್ಕೆಯೇ ಕಾಣುತ್ತಿಲ್ಲ.

ಅದು ಬೇರೆ ಯಾವ ಹೆಸರಿನಲ್ಲಿ ಇರಬಹುದು? ಸಿಗದೇ ಹೋದರೆ ಸರ್ವರ್ ಕಂಪ್ಯೂಟರಿಗೆ ಮಾತ್ರ ಕೇಬಲ್ ಹಾಕಿದರೆ ಸಾಕಾ, ಎರಡಕ್ಕೂ ಬೇಕಾ?