ಅಣ್ಣನಿಗೆ ಬಂದಿದ್ದು ತಂಗಿಗೂ ಬರ್ತದಾ ಡಾಕ್ಟ್ರೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ತಾಯಿ, ಹೆಸರು ಬೇಡ ಅಂದಿದಾರೆ):
ನಮಸ್ಕಾರ ಡಾಕ್ಟ್ರೆ. ದೊಡ್ಡ ಮಗನಿಗೆ 20 ವರ್ಷ, ಡಿಪ್ಲೊಮಾ ಓದ್ತಿದ್ದ. ಹೋದ ಮಳೆಗಾಲದಲ್ಲಿ ನಿದ್ದೆ ಬಿಟ್ಟ, ಹೊರಗೆ ಯಾರೋ ನಿಂತು ಬೈತಿದಾರೆ ಅಂತ ಕಿಟಕಿಗೆಲ್ಲ ಪೇಪರ್ ಅಂಟಿಸ್ದ, ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ವಿ, ಸ್ಕಿಜೋಫ್ರೇನಿಯಾ ಅಂದ್ರು. ಮಾತ್ರೆ ತಗೊಳ್ತಿದಾನೆ, ಈಗ ಪರವಾಗಿಲ್ಲ, ಅಪ್ಪನ ಜೊತೆ ತೋಟಕ್ಕೆ ಹೋಗಿ ಬರ್ತಾನೆ. ನನಗೀಗ ಉಳಿದಿಬ್ರದ್ದೇ ಚಿಂತೆ. ಮಗಳು ಫಸ್ಟ್ ಪಿಯುಸಿ, ಸಣ್ಣವನು ಆರನೇ ಕ್ಲಾಸು. ನಮ್ಮತ್ತೆಯ ತಮ್ಮನಿಗೂ ಹೀಗೇ ಇತ್ತಂತೆ, ಅದಕ್ಕೆ ಎಲ್ಲರೂ ಇದು ವಂಶದ್ದು ಅಂತಾರೆ. ಮಗಳು ಬಚ್ಚಲಲ್ಲಿ ಏನಾದ್ರೂ ಗುನುಗಿದ್ರೂ ನಾನು ಹೊರಗೆ ನಿಂತು ಕೇಳಿಸ್ಕೊಳ್ತೀನಿ, ಒಬ್ಬಳೇ ಮಾತಾಡ್ತಿದಾಳಾ ಅಂತ. ಮೊದಲೇ ತಿಳಿಯೋಕೆ ಟೆಸ್ಟ್ ಏನಾದ್ರೂ ಇದ್ಯಾ? ಎಷ್ಟೇ ಖರ್ಚಾದ್ರೂ ಮಾಡಿಸ್ತೀವಿ.

ಉತ್ತರ (ಮನೋವೈದ್ಯರು):
ಅಮ್ಮಾ, ಮೊದಲು ಟೆಸ್ಟ್ ವಿಷಯ ಮುಗಿಸ್ತೀನಿ. ಇಲ್ಲ. ರಕ್ತ ಪರೀಕ್ಷೆ, ಸ್ಕ್ಯಾನ್, ಜೀನ್ ಟೆಸ್ಟ್ ಯಾವುದ್ರಲ್ಲೂ ಈ ಮಗುಗೆ ಮುಂದೆ ಸ್ಕಿಜೋಫ್ರೇನಿಯಾ ಬರ್ತದೆ, ಬರಲ್ಲ ಅಂತ ಹೇಳೋಕಾಗಲ್ಲ. ಯಾರಾದ್ರೂ ಹೇಳ್ತೀವಿ ಅಂದ್ರೆ ದುಡ್ಡು ಕೊಡಬೇಡಿ.

ಇನ್ನು ವಂಶದ ಮಾತು. ಅದು ಪೂರ್ತಿ ಸುಳ್ಳಲ್ಲ, ಆದ್ರೆ ನಿಮ್ಮ ಮನೇಲಿ ಹೇಳ್ತಿರೋ ಅರ್ಥದಲ್ಲಿ ನಿಜಾನೂ ಅಲ್ಲ. ಊರಲ್ಲಿ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಜೀವಮಾನದಲ್ಲಿ ಯಾವಾಗಾದ್ರೂ ಈ ಕಾಯಿಲೆ ಬರ್ತದೆ. ಅಣ್ಣನಿಗೋ ಅಕ್ಕನಿಗೋ ಇದ್ರೆ ಅದು ನೂರಕ್ಕೆ ಸುಮಾರು ಒಂಬತ್ತಾಗ್ತದೆ. ಒಂಬತ್ತು ಪಟ್ಟು ಅಂತ ಕೇಳಿದ್ರೆ ಎದೆ ಧಸಕ್ ಅನ್ನತ್ತೆ, ಆದ್ರೆ ಅಂಥ ನೂರು ತಮ್ಮ ತಂಗೀರಲ್ಲಿ ಸುಮಾರು ತೊಂಬತ್ತೊಂದು ಜನಕ್ಕೆ ಈ ಕಾಯಿಲೆ ಬರಲ್ಲ ಅನ್ನೋದೂ ಅದೇ ಲೆಕ್ಕ. ಅತ್ತೆಯವರ ತಮ್ಮನಿಗೂ ಇತ್ತು ಅಂದ್ರೆ ಸ್ವಲ್ಪ ಮೇಲೆ ಹೋಗಬಹುದು, ತುಂಬ ಏನಲ್ಲ, ಅವರು ದೂರದ ರಕ್ತ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಿಗೆ ಜೀನ್ ಪೂರ್ತಿ ಒಂದೇ ಇರ್ತದೆ, ಅವ್ರಲ್ಲೂ ಒಬ್ಬನಿಗೆ ಬಂದ್ರೆ ಇನ್ನೊಬ್ಬನಿಗೆ ಬರೋದು ಹೆಚ್ಚಂದ್ರೆ ಅರ್ಧದಷ್ಟು ಸಲ. ಅಂದ್ರೆ ಜೀನ್ ಒಂದೇ ಸಾಕಾಗಲ್ಲ. ಅದೂ ಒಂದು ಜೀನ್ ಅಲ್ಲ, ನೂರಾರು ಜೀನ್‌ಗಳು ಒಂದೊಂದು ಚೂರು ಸೇರಿಸ್ತವೆ, ಗರ್ಭದಲ್ಲಿದ್ದಾಗಿನ ತೊಂದರೆ, ಹುಟ್ಟುವಾಗಿನ ತೊಂದರೆ, ಆಮೇಲೆ ಗಾಂಜಾ ಇಂಥವೂ ಸೇರ್ಕೊಳ್ತವೆ.

ಮತ್ತೆ ಬಂದ್ರೂ ಅದೇ ಹೆಸರಿನ ಕಾಯಿಲೆನೇ ಬರಬೇಕು ಅಂತಿಲ್ಲ, ಬೈಪೋಲಾರ್ (ಮನಸ್ಸು ಅತಿಯಾಗಿ ಏರೋದು, ಕುಸಿಯೋದು), ಡಿಪ್ರೆಶನ್ ಇವುಗಳ ಜೀನ್‌ಗಳೂ ಸ್ವಲ್ಪ ಸ್ವಲ್ಪ ಹಂಚಿಕೊಂಡಿರ್ತವೆ. ಹಾಗಾಗಿ ಕಿವಿಲಿ ಮಾತು ಕೇಳುತ್ತಾ ಅಂತ ಅದೊಂದನ್ನೇ ಕಾಯ್ಕೊಂಡು ಕೂರಬೇಡಿ. ನೋಡಬೇಕಾದ್ದು ಬೇರೆ: ವಾರಗಟ್ಟಲೆ ನಿದ್ದೆ ಕೆಡೋದು, ಚೆನ್ನಾಗಿ ಓದ್ತಿದ್ದೋಳು ಕಾರಣನೇ ಇಲ್ಲದೆ ಪೂರ್ತಿ ಹಿಂದೆ ಬೀಳೋದು, ಗೆಳತೀರನ್ನ ಬಿಟ್ಟು ರೂಮು ಸೇರ್ಕೊಳ್ಳೋದು, ಎಲ್ಲರ ಮೇಲೂ ಅನುಮಾನ, ಸ್ನಾನ ಊಟ ಬಿಡೋದು. ಒಂದಿನ ಸಿಡುಕಿದ್ಲು, ಬಾಗಿಲು ಹಾಕ್ಕೊಂಡ್ಲು ಅಂದ್ರೆ ಅದು ಹದಿನಾರರ ವಯಸ್ಸು ಮಾರಾಯ್ರೆ, ಕಾಯಿಲೆ ಅಲ್ಲ. ಇದು ಸಾಮಾನ್ಯವಾಗಿ ಶುರುವಾಗೋದು ಹುಡುಗರಿಗೆ ಹದಿನೆಂಟರಿಂದ ಇಪ್ಪತ್ತೈದರ ಒಳಗೆ, ಹುಡುಗೀರಿಗೆ ಇನ್ನೂ ನಾಕೈದು ವರ್ಷ ತಡವಾಗಿ, ಹಾಗಾಗಿ ಆರನೇ ಕ್ಲಾಸಿನವನನ್ನ ಸದ್ಯ ಆಡೋಕೆ ಬಿಡಿ.

ಗಾಂಜಾ ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮನೇಲಿ ಒಬ್ಬರಿಗೆ ಸೈಕೋಸಿಸ್, ಅಂದ್ರೆ ಇಲ್ಲದ ದನಿ ಕೇಳಿಸೋ, ಇಲ್ಲದ್ದನ್ನ ನಂಬೋ ಇಂಥ ಕಾಯಿಲೆ ಇದ್ದಾಗ ಉಳಿದ ಮಕ್ಕಳು ಅದನ್ನ ಮುಟ್ಟಲೇಬಾರದು, ಬೇರೆಯವರಿಗಿಂತ ಅವರಿಗೆ ಅಪಾಯ ಜಾಸ್ತಿ. ಬೈದು ಹೇಳಬೇಡಿ, ಕಾರಣ ಹೇಳಿ.

ಬಚ್ಚಲ ಬಾಗಿಲ ಹತ್ರ ನಿಲ್ಲೋದನ್ನ ಇವತ್ತಿಂದ ಬಿಡಿ ಅಮ್ಮಾ. ಅವಳಿಗೆ ಅದು ಗೊತ್ತಾಗಿರುತ್ತೆ.

ಸಾಗರದ ಒಬ್ಬರು:
ಡಾಕ್ಟ್ರೆ, ನಮ್ಮ ದೊಡ್ಡವನಿಗೆ ನಾಕು ವರ್ಷ, ಆಟಿಸಂ ಇದೆ. ಈಗ ನನ್ನ ಹೆಂಡ್ತಿಗೆ ಐದು ತಿಂಗಳು. ಈ ಮಗುಗೂ ಇರ್ತದಾ?

ಉತ್ತರ:
ಆಟಿಸಂನಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ, ಅಣ್ಣ ಅಕ್ಕನಿಗೆ ಇದ್ರೆ ನೂರಕ್ಕೆ ಸುಮಾರು ಇಪ್ಪತ್ತು ಮಕ್ಕಳಿಗೆ ಇರ್ತದೆ, ಎಂಬತ್ತಕ್ಕೆ ಇರಲ್ಲ. ಹೊಟ್ಟೆಲಿದ್ದಾಗ ತಿಳಿಯೋ ಸ್ಕ್ಯಾನ್ ಇಲ್ಲ. ಮಗು ಹುಟ್ಟಿದ ಮೇಲೆ ಒಂದು ವರ್ಷದ ಹೊತ್ತಿಗೆ ಹೆಸರು ಕರೆದ್ರೆ ತಿರುಗುತ್ತಾ, ನಿಮ್ಮ ಮುಖ ನೋಡಿ ನಗುತ್ತಾ, ಆಮೇಲೆ ಬೇಕಾದ್ದನ್ನ ಬೆರಳು ಮಾಡಿ ತೋರಿಸುತ್ತಾ ನೋಡಿ, ಇಲ್ಲ ಅನ್ನಿಸಿದ್ರೆ ಎರಡು ವರ್ಷ ಆಗ್ಲಿ ಅಂತ ಕಾಯದೆ ಮಕ್ಕಳ ಡಾಕ್ಟ್ರಿಗೆ ತೋರಿಸಿ. ಲಸಿಕೆ ಯಾವುದನ್ನೂ ತಪ್ಪಿಸಬೇಡಿ, ಲಸಿಕೆಯಿಂದ ಆಟಿಸಂ ಬರಲ್ಲ.

ಹೊಸನಗರದ ಒಬ್ಬರು:
ನಮ್ಮ ತಮ್ಮನಿಗೆ ಮೊದಲು ಕೇಳಿದವರ ಮಗನಿಗಿರೋ ಕಾಯಿಲೆನೇ. ಈಗ ನನ್ನ ಮಗಳಿಗೆ ಗಂಡು ನೋಡ್ತಿದೀವಿ. ಮುಚ್ಚಿಡಿ ಅಂತಾರೆ ನೆಂಟ್ರು.

ಉತ್ತರ:
ಮಗಳಿಗೆ ಅವರು ಚಿಕ್ಕಪ್ಪ, ಚಿಕ್ಕಪ್ಪನಿಗೆ ಇದ್ರೆ ನೂರಕ್ಕೆ ಮೂರು ನಾಕು ಅಷ್ಟೆ, ಅವಳ ಮಕ್ಕಳಿಗೆ ಇನ್ನೂ ಕಡಿಮೆ. ಇಷ್ಟು ಸಣ್ಣ ವಿಷಯಕ್ಕೆ ತಮ್ಮನನ್ನ ಮದುವೆ ಮನೆಯಿಂದ ದೂರ ಇಡಬೇಡಿ ಸರ್. ಹೀಗಿದೆ, ಚಿಕಿತ್ಸೆ ತಗೊಳ್ತಿದಾನೆ ಅಂತ ಮಾತುಕತೆ ಟೈಮಲ್ಲೇ ನೇರ ಹೇಳಿ. ಅದನ್ನ ಕೇಳಿ ಎದ್ದು ಹೋಗೋ ಮನೆಗೆ ಮಗಳನ್ನ ಕೊಡದಿರೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಮೊದಲು ಕೇಳಿದ ತಾಯಿ:
ಡಾಕ್ಟ್ರೆ, ಓದಿ ಅತ್ತುಬಿಟ್ಟೆ. ಮಗಳಿಗೆ ಹೇಳಬೇಕಾ? ಅವಳೂ ಒಂದೊಂದು ರಾತ್ರಿ ನಿದ್ದೆ ಮಾಡಲ್ಲ, ಅಣ್ಣ ಎದ್ದು ಓಡಾಡಿದ್ರೆ ಚಿಲಕ ಹಾಕ್ಕೊಳ್ತಾಳೆ, ಮಾರ್ಕ್ಸೂ ಕಮ್ಮಿ ಆಗಿದೆ. ಅದಕ್ಕೇ ಭಯ ಆಗಿದ್ದು.

ಉತ್ತರ:
ಅದು ಕಾಯಿಲೆ ಶುರುವಾಗಿದ್ದು ಅಂತ ನನಗನ್ನಿಸಲ್ಲ, ಅಣ್ಣ ಎದ್ದ ರಾತ್ರಿ ಮಾತ್ರ ನಿದ್ದೆ ಕೆಡ್ತಿದೆ ಅಂದ್ರೆ ಹೆದರಿಕೆ ಮತ್ತೆ ಸುಸ್ತು. ಆದ್ರೂ ಇಲ್ಲಿ ಬರೆದಿದ್ದು ಓದಿ ನಾನು ತೀರ್ಮಾನ ಮಾಡಬಾರದು, ಒಂದ್ಸಲ ಅವಳನ್ನೇ ಕರ್ಕೊಂಡು ಹೋಗಿ. ತಾಲೂಕು ಆಸ್ಪತ್ರೆಲಿ ಮಂಗಳವಾರ ಮನೋಚೈತನ್ಯ ಅಂತ ಮನಸ್ಸಿನ ಕಾಯಿಲೆಗಳ ಕ್ಲಿನಿಕ್ ಮಾಡ್ತಾರೆ, ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆ ಹತ್ರ ಕೇಳ್ಕೊಳ್ಳಿ. ಮಳೆಗೆ ರಸ್ತೆ ಕೆಟ್ಟಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಯಾವ ಹೊತ್ತಲ್ಲಾದ್ರೂ ಮಾಡಬಹುದು.

ಹೇಳಬೇಕಾ ಅಂದ್ರಿ. ಹೇಳಿ. ಹೇಳದೆ ಇದ್ರೆ ಅವಳು ಮೊಬೈಲಲ್ಲಿ ಹುಡುಕ್ತಾಳೆ, ಈಗಾಗ್ಲೇ ಹುಡುಕಿರ್ತಾಳೆ. ಅಣ್ಣನ ಕಾಯಿಲೆ ಹೆಸರು ಹೇಳಿ, ಅದು ಅಂಟೋದಲ್ಲ, ನಿನ್ನ ತಪ್ಪಿಂದ ನನ್ನ ತಪ್ಪಿಂದ ಬಂದಿದ್ದಲ್ಲ, ಬೈಯೋ ದನಿ ಅವನಿಗೆ ನಿಜವಾಗೇ ಕೇಳಿಸ್ತದೆ ಅಂತ ಹೇಳಿ. ನನಗೂ ಬರ್ತದಾ ಅಂತ ಕೇಳಿದ್ರೆ ಮಾತು ತಿರುಗಿಸಬೇಡಿ, ಮೇಲಿನ ಲೆಕ್ಕಾನೇ ಹೇಳಿ, ಏನಾದ್ರೂ ಬೇರೆ ಥರ ಅನ್ನಿಸಿದ್ರೆ ನನ್ನ ಹತ್ರ ಬಾ, ನಾನು ಹೆದರಲ್ಲ ಅನ್ನಿ. ಅಣ್ಣನ ಮಾತ್ರೆ ನೋಡ್ಕೊಳ್ಳೋ ಕೆಲಸ ಅವಳ ತಲೆಗೆ ಹಾಕಬೇಡಿ. ಪರೀಕ್ಷೆ ಮುಗಿಯೋವರೆಗೆ ಶಿವಮೊಗ್ಗದಲ್ಲೋ ಎಲ್ಲೋ ನೆಂಟರ ಮನೇಲಿ ಇದ್ದು ಓದ್ತೀನಿ ಅಂದ್ರೆ ಕಳಿಸಿ, ಅಣ್ಣನನ್ನ ಬಿಟ್ಟು ಹೋದ್ಲು ಅಂತ ಯಾರೂ ಅನ್ನದ ಹಾಗೆ ನೋಡ್ಕೊಳ್ಳಿ.