ದಿನನಿತ್ಯದ ಊಟಕ್ಕೆ ಹೊಂದುವ ಡ್ರೈ ರೆಡ್ ವೈನ್ ಯಾವುದು?

ಪ್ರಶ್ನೆ, ವಿರಾಜಪೇಟೆಯಿಂದ:
ಮಾನ್ಯರೇ, ನಮ್ಮ ಮನೆಯಲ್ಲಿ ಮಾಡುವ ದ್ರಾಕ್ಷಿ ವೈನ್ ಸಿಹಿಯಾದದ್ದು. ಬಂದ ನೆಂಟರಿಗೆ ಸಣ್ಣ ಗ್ಲಾಸಿನಲ್ಲಿ ಕೊಡಲು ಅದು ಚೆನ್ನಾಗಿಯೇ ಇದೆ, ಆದರೆ ರಾತ್ರಿಯ ಊಟದ ನಡುವೆ ಕುಡಿದರೆ ಕರಿಯ ರುಚಿಯನ್ನು ಮುಚ್ಚಿಬಿಡುತ್ತದೆ. ವಾರಕ್ಕೊಮ್ಮೆ ನಾನೂ ನನ್ನ ಪತ್ನಿಯೂ ಊಟದೊಂದಿಗೆ ಹಂಚಿಕೊಳ್ಳಬಹುದಾದ, ಬೆಲೆ ಮಿತವಾಗಿರುವ ಡ್ರೈ, ಎಂದರೆ ಸಿಹಿಯಿಲ್ಲದ, ರೆಡ್ ವೈನ್ ಬೇಕಾಗಿದೆ. ಅಂಗಡಿಯಲ್ಲಿ ಸೂಚಿಸಿದ, ಓಕ್ ಪೀಪಾಯಿಯಲ್ಲಿ ಮಾಗಿಸಿದ ಕ್ಯಾಬರ್ನೆ ಸೊವಿನ್ಯೋನ್ ಖಾರದ ಕೋಳಿಕರಿಯೊಂದಿಗೆ ವಿಪರೀತ ಒಗರಾಗಿತ್ತು, ಬಾಯುರಿಯೂ ಹೆಚ್ಚಿತು. ನಮ್ಮ ಅಡುಗೆಗೆ ರೆಡ್ ವೈನ್ ಒಗ್ಗುವುದೇ ಇಲ್ಲವೇ?

ಉತ್ತರ, ಮಡಿಕೇರಿಯಿಂದ:
ಖಂಡಿತವಾಗಿಯೂ ಒಗ್ಗುತ್ತದೆ. ನಿಮಗೆ ತೊಂದರೆ ಕೊಟ್ಟದ್ದು ಟ್ಯಾನಿನ್ ಮತ್ತು ಮದ್ಯಸಾರ. ದ್ರಾಕ್ಷಿಯ ಸಿಪ್ಪೆ, ಬೀಜ ಹಾಗೂ ಓಕ್ ಮರದಿಂದ ಬರುವ ಟ್ಯಾನಿನ್ ನಾಲಿಗೆಯನ್ನು ಒಣಗಿಸುತ್ತದೆ. ಶೇಕಡಾ 14ರ ಆಸುಪಾಸಿನ ಮದ್ಯಸಾರವು ಮೆಣಸಿನಕಾಯಿಯ ಉರಿಯನ್ನು ಕೆರಳಿಸುತ್ತದೆ. ಆದ್ದರಿಂದ ಓಕ್ ಸೋಕದ, ಹಣ್ಣಿನ ಪರಿಮಳ ಮುಂದಾಗಿರುವ, ಶೇಕಡಾ 12ರಿಂದ 13ರೊಳಗಿನ ಎಳೆಯ ವೈನ್ ಆರಿಸಿಕೊಳ್ಳಿ.

ನಮ್ಮ ಊಟದಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಕಾಚಂಪುಳಿ. ಪಣಪುಳಿ ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿದ ಆ ಹುಳಿಯ ಮುಂದೆ, ತನ್ನದೇ ಆದ ಹುಳಿಯಿಲ್ಲದ ವೈನ್ ಸಪ್ಪೆಯೆನಿಸುತ್ತದೆ. ಇಟಲಿಯ ಟಸ್ಕನಿಯ ಸ್ಯಾಂಜೊವೇಸೆ ದ್ರಾಕ್ಷಿಯಲ್ಲಿ ಹುಳಿ ಸಹಜವಾಗಿಯೇ ಹೆಚ್ಚು, ಆದ್ದರಿಂದ ನನ್ನ ಮೊದಲ ಆಯ್ಕೆ ಅದೇ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿರುವ ಫ್ರಾಟೆಲ್ಲಿ ಎಂಬ ವೈನ್ ಕಂಪನಿಯವರು ಅದನ್ನು ನಮ್ಮ ದೇಶದಲ್ಲಿಯೇ ಬೆಳೆದು ವೈನ್ ಮಾಡುತ್ತಾರೆ. ಪಂದಿಕರಿ (ಹಂದಿಮಾಂಸದ ಕರಿ), ಕಡಂಬುಟ್ಟು (ಅಕ್ಕಿತರಿಯ ಉಂಡೆ) ಮಾಡಿದ ದಿನ ಇಂಥ ವೈನ್ ಕೊಬ್ಬಿನ ಜಿಡ್ಡನ್ನು ಕಳೆದು, ಮುಂದಿನ ತುತ್ತಿಗೆ ಬಾಯನ್ನು ಹದಗೊಳಿಸುತ್ತದೆ.

ಉತ್ತರ, ಗೋಣಿಕೊಪ್ಪದಿಂದ:
ಮೇಲಿನ ಸಲಹೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಪಂದಿಕರಿಗೆ ಶಿರಾಜ್ ಅನ್ನು ಬಿಟ್ಟುಕೊಡಲಾರೆ. ಕಾಳುಮೆಣಸಿನ ಪರಿಮಳಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತುವೇ ಶಿರಾಜ್ ದ್ರಾಕ್ಷಿಯಲ್ಲಿಯೂ ಇರುತ್ತದೆ. ಕಾಫಿ ತೋಟದ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ, ಆ ಮೆಣಸನ್ನೇ ಹುರಿದು ಕರಿಗೆ ಹಾಕುವ ನಮಗೆ ಇದಕ್ಕಿಂತ ಹತ್ತಿರದ ವೈನ್ ಇನ್ನೊಂದಿಲ್ಲವೆಂದೇ ನನ್ನ ಅನಿಸಿಕೆ. ತಂಪು ಪ್ರದೇಶದ ಶಿರಾಜ್‌ನಲ್ಲಿ ಆ ಪರಿಮಳ ಹೆಚ್ಚು ಸ್ಪಷ್ಟವಾಗಿರುತ್ತದೆ. ಕೊಬ್ಬು ಮತ್ತು ಮಾಂಸದ ಪ್ರೋಟೀನ್ ಟ್ಯಾನಿನ್ನಿನ ಒಗರನ್ನು ಮೃದುಗೊಳಿಸುವುದರಿಂದ, ಖಾರ ಕಡಿಮೆಯಿರುವ ಹುರಿದ ಹಂದಿಮಾಂಸದೊಂದಿಗೆ ನಿಮ್ಮ ಕ್ಯಾಬರ್ನೆಯನ್ನೂ ಬಳಸಬಹುದು. ಅಣಬೆ ಪಲ್ಯ ಮತ್ತು ಅಕ್ಕಿ ಒಟ್ಟಿಯಂಥ (ಅಕ್ಕಿ ರೊಟ್ಟಿ) ಸರಳ ಊಟಕ್ಕೆ ಮೆರ್ಲೊ ದ್ರಾಕ್ಷಿಯ ವೈನ್ ಸಾಕು.

ಉತ್ತರ, ಸೋಮವಾರಪೇಟೆಯಿಂದ:
ಇಬ್ಬರೂ ಉಷ್ಣಾಂಶದ ವಿಷಯವನ್ನು ಹೇಳಲಿಲ್ಲ. ರೆಡ್ ವೈನನ್ನು ತಂಪು ಮಾಡಬಾರದೆಂಬ ನಂಬಿಕೆಯಿಂದ ಬೇಸಿಗೆಯಲ್ಲಿಯೂ ಕಪಾಟಿನಿಂದಲೇ ತೆಗೆದು ಬಡಿಸುವವರಿದ್ದಾರೆ. ಆಗ ಮದ್ಯಸಾರದ ಘಾಟು ಮೇಲೇಳುತ್ತದೆ. ಹಗುರವಾದ ರೆಡ್ ವೈನಿಗೆ 14ರಿಂದ 16 ಡಿಗ್ರಿ ಸೆಲ್ಸಿಯಸ್ ಹಿತವಾದುದು, ಅದಕ್ಕಾಗಿ ಬಡಿಸುವ ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮಳೆಗಾಲದ ಮಡಿಕೇರಿಯಲ್ಲಿ ಇದರ ಅಗತ್ಯವೇ ಬೀಳಲಿಕ್ಕಿಲ್ಲ.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ಮುಂದಿನ ಭಾನುವಾರ ಸ್ಯಾಂಜೊವೇಸೆಯನ್ನೇ ತರುತ್ತೇನೆ. ನಾವಿಬ್ಬರೇ ಇರುವುದರಿಂದ 750 ಮಿಲಿಯ ಬಾಟಲಿ ಒಂದೇ ರಾತ್ರಿಗೆ ಮುಗಿಯುವುದಿಲ್ಲ. ಉಳಿದದ್ದನ್ನು ಎಷ್ಟು ದಿನ ಇಡಬಹುದು?

ಉತ್ತರ, ಮಡಿಕೇರಿಯಿಂದ:
ಗಾಳಿಯಾಡದಂತೆ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಸಣ್ಣ ಬಾಟಲಿಯೊಂದಕ್ಕೆ ಕಂಠದವರೆಗೆ ತುಂಬಿಸಿಟ್ಟರೆ ಒಳಗೆ ಗಾಳಿಗೆ ಜಾಗವೇ ಇರುವುದಿಲ್ಲವಾದ್ದರಿಂದ ಇನ್ನೂ ಒಂದೆರಡು ದಿನ ತಾಳುತ್ತದೆ.