‘ಇಂಡಸ್ಟ್ರಿ’ಗೆ ಇಲ್ಲಿ ಉದ್ಯಮವೇ, ಕೈಗಾರಿಕೆಯೇ, ದುಡಿಮೆಯೇ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಚಿತ್ರಶಾಲೆಯ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಅಲ್ಲಿನ ಶಿಲಾಫಲಕದಲ್ಲಿ ಒಂದು ಸಾಲಿದೆ: ‘ಬೈ ದ ಗೇನ್ಸ್ ಆಫ್ ಇಂಡಸ್ಟ್ರಿ ವಿ ಪ್ರಮೋಟ್ ಆರ್ಟ್’. ಇದನ್ನು ಕನ್ನಡಕ್ಕೆ ತರುವಾಗ ‘ಇಂಡಸ್ಟ್ರಿ’ಯ ಹತ್ತಿರ ನಿಂತುಬಿಟ್ಟಿದ್ದೇನೆ.

ಕಟ್ಟಡ ಹುಟ್ಟಿದ ಬಗೆಯನ್ನು ನೋಡದೆ ಪದ ಆರಿಸುವುದು ಕಷ್ಟ. ಗ್ರಂಥಾಲಯ, ಸಂಗ್ರಹಾಲಯಗಳಿಗೆ ತೆರಿಗೆಯ ಹಣದಿಂದ ನಗರಸಭೆ ಎಷ್ಟು ಖರ್ಚು ಮಾಡಬಹುದೆಂಬುದಕ್ಕೆ ಆಗಿನ ಕಾನೂನು ಬಿಗಿಯಾದ ಮಿತಿ ಹಾಕಿತ್ತು. ಆದರೆ ಜೋಸೆಫ್ ಚೇಂಬರ್ಲಿನ್ ಮೇಯರ್ ಆಗಿದ್ದಾಗ, 1875ರಲ್ಲಿ, ಖಾಸಗಿ ಗ್ಯಾಸ್ ಕಂಪನಿಗಳನ್ನು ನಗರವೇ ಕೊಂಡುಕೊಂಡಿತ್ತು. ಅದರ ಲಾಭಕ್ಕೆ ಆ ಮಿತಿ ತಗಲುತ್ತಿರಲಿಲ್ಲ. ಹಾಗಾಗಿ ನಗರಸಭೆಯ ಗ್ಯಾಸ್ ಸಮಿತಿಯೇ ಕಟ್ಟಡ ಕಟ್ಟಿಸಿತು: ಕೆಳಗೆ ತನ್ನ ಕಚೇರಿ, ಮೇಲೆ ಊರಿನವರಿಗೆ ಚಿತ್ರಶಾಲೆ. ಎಂಥ ಜಾಣ ದಾರಿ! ಯಂತ್ರ ತಯಾರಿಸುತ್ತಿದ್ದ ಟ್ಯಾಂಗಿ ಸೋದರರು ಚಿತ್ರಗಳನ್ನು ಕೊಳ್ಳಲು 10,000 ಪೌಂಡ್ ಕೊಟ್ಟರು. ವಾಸ್ತುಶಿಲ್ಪಿ ಯೋವಿಲ್ ಥಾಮಸನ್; 1885ರ ನವೆಂಬರಿನಲ್ಲಿ ಉದ್ಘಾಟನೆ.

‘ಕೈಗಾರಿಕೆ’ ಎಂದರೆ ಕಾರ್ಖಾನೆ ಮಾತ್ರ ಕಣ್ಮುಂದೆ ಬರುತ್ತದೆ. ವಿಕ್ಟೋರಿಯಾ ಕಾಲದ ಇಂಗ್ಲಿಷಿನಲ್ಲಿ ಆ ಪದಕ್ಕೆ ಶ್ರದ್ಧೆಯ ದುಡಿತ ಎಂಬ ಅರ್ಥವೂ ಗಟ್ಟಿಯಾಗಿತ್ತು. ಫಲಕ ಬರೆಸಿದವರು ಎರಡನ್ನೂ ಬಯಸಿರಬೇಕು ಅನ್ನಿಸುತ್ತದೆ. ‘ದುಡಿಮೆ’ಯಲ್ಲಿ ಬೆವರೂ ಇದೆ, ಸಂಪಾದನೆಯೂ ಇದೆ, ಕಾರ್ಖಾನೆ ಮಾತ್ರ ಮರೆಯಾಗುತ್ತದೆ. ‘ಉದ್ಯಮ’ ಈಗ ಪತ್ರಿಕೆಗಳ ವಾಣಿಜ್ಯ ಪುಟದ ಪದವಾದರೂ ‘ಉದ್ಯಮೇನ ಹಿ ಸಿಧ್ಯಂತಿ ಕಾರ್ಯಾಣಿ’ ಎಂಬಲ್ಲಿನ ಪ್ರಯತ್ನದ ಅರ್ಥ ಅದರಲ್ಲಿ ಇನ್ನೂ ಉಳಿದಿದೆ. ಆದ್ದರಿಂದ ನನ್ನ ಒಲವು ‘ಉದ್ಯಮದ ಗಳಿಕೆಯಿಂದ ಕಲೆಯನ್ನು ಪೋಷಿಸುತ್ತೇವೆ’ ಎಂಬುದರ ಕಡೆಗೆ. ‘ಲಾಭ’ ಬೇಡವೆನಿಸಿತು, ಅಂಗಡಿ ಲೆಕ್ಕದ ಹಾಗೆ ಕೇಳುತ್ತದೆ. ಇಂದಿನ ಓದುಗರಿಗೆ ‘ಉದ್ಯಮ’ದಲ್ಲಿ ಆ ಹಳೆಯ ಅರ್ಥ ನಿಜಕ್ಕೂ ಕೇಳಿಸುತ್ತದೆಯೇ?

ಇನ್ನೊಂದು ಪದವೂ ಬೇಕು, ‘ಸ್ಕೈಲೈಟ್’ಗೆ. ಚಿತ್ರಶಾಲೆ ಮೇಲಂತಸ್ತಿನಲ್ಲಿರುವುದರಿಂದ ಬೆಳಕನ್ನು ಚಾವಣಿಯ ಗಾಜಿನ ಮೂಲಕ ಇಳಿಸಿದ್ದಾರೆ. ಗೋಡೆಗಳೆಲ್ಲ ಚಿತ್ರಗಳಿಗೇ ಉಳಿಯುತ್ತವೆ. ಒಳಹೊಕ್ಕ ಕೂಡಲೇ ಸಿಗುವ ದುಂಡನೆಯ ಕೋಣೆಯೂ ಹೀಗೆಯೇ ಬೆಳಗುತ್ತದೆ. ‘ಗವಾಕ್ಷಿ’, ‘ಬೆಳಕಿಂಡಿ’ ಎರಡೂ ಸಣ್ಣ ಕಿಂಡಿಯನ್ನೇ ನೆನಪಿಸುತ್ತವೆ. ಇಡೀ ಕೋಣೆಗೆ ಬೆಳಕು ಕೊಡುವಷ್ಟು ದೊಡ್ಡದಕ್ಕೆ ನಿಮ್ಮ ಕಡೆಯ ಕಟ್ಟಡ ಕೆಲಸದವರು ಏನನ್ನುತ್ತಾರೆ? ಹಳೆಯ ಮಿಲ್ಲು, ಗೋದಾಮುಗಳ ಮಾಡಿಗೆ ಗಾಜು ಹಾಕುತ್ತಿದ್ದವರ ಮಾತು ಗೊತ್ತಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.